ಏರ್ ಫ್ರೈಯರ್‌ನಲ್ಲಿ ನಿಧಾನ ರೋಸ್ಟ್: ಮೊದಲು ಮುಚ್ಚಿ, ಆಮೇಲೆ ತೆರೆಯಿರಿ

ಓವನ್‌ನಲ್ಲಿ ಮೂರು-ನಾಲ್ಕು ಗಂಟೆ ಬೇಯಿಸುವ ರೋಸ್ಟ್ ರೆಸಿಪಿಯನ್ನು ಹಾಗೇ ಏರ್ ಫ್ರೈಯರ್‌ಗೆ ತಂದರೆ ಮಾಂಸದ ಹೊರಭಾಗ ಒಣಗುತ್ತದೆ, ಒಳಗಿನ ನಾರು ಮೆತ್ತಗಾಗುವುದಿಲ್ಲ. ಇದಕ್ಕೆ ಕಾರಣ ಅದರ ಫ್ಯಾನ್. ಏರ್ ಫ್ರೈಯರ್ ಅಂದರೆ ಜೋರಾದ ಫ್ಯಾನ್ ಇರುವ ಪುಟ್ಟ ಓವನ್, ಅಷ್ಟೇ. ಬಿಸಿ ಗಾಳಿ ಬಿಡದೆ ಬೀಸುತ್ತಾ ಮಾಂಸದ ಮೇಲಿನ ತೇವವನ್ನು ಎಳೆದುಕೊಳ್ಳುತ್ತದೆ.

ಮಾಂಸ ಮೆತ್ತಗಾಗುವುದಕ್ಕೆ ಬೇಕಾಗಿರುವುದು ಸಮಯ. ಗಟ್ಟಿ ಭಾಗಗಳಲ್ಲಿ ಕೊಲಾಜೆನ್, ಅಂದರೆ ಮಾಂಸವನ್ನು ಬಿಗಿಯಾಗಿ ಹಿಡಿದಿಡುವ ಪ್ರೋಟೀನ್, ಜಾಸ್ತಿ. ಒಳಗಿನ ಬಿಸಿ 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ಚೆನ್ನಾಗಿ ಕರಗಿ ಮೆತ್ತನೆಯ, ಅಂಟಂಟಾದ ಜೆಲಟಿನ್ ಆಗತೊಡಗುತ್ತದೆ. ಈ ಕೆಲಸಕ್ಕೆ ಅವಸರ ಮಾಡಿ ಪ್ರಯೋಜನವಿಲ್ಲ. ಉರಿ ಹೆಚ್ಚಿಸಿದರೆ ಹೊರಭಾಗ ಸೀಯುತ್ತದೆ, ಅಷ್ಟೇ.

ಮೊದಲು ಸರಿಯಾದ ಭಾಗ ಆರಿಸಿ. ಕುರಿಯ ಅಥವಾ ಹಂದಿಯ ಹೆಗಲಿನ ಭಾಗ ಚೆನ್ನಾಗಿ ಒಗ್ಗುತ್ತದೆ. ಕೊಬ್ಬಿಲ್ಲದ ಕೋಳಿ ಎದೆಮಾಂಸಕ್ಕೆ ಈ ವಿಧಾನ ಬೇಡ, ಅದು ಒಣಗಿಹೋಗುತ್ತದೆ. ದೊಡ್ಡ ತುಂಡನ್ನು ಇಡಿಯಾಗಿ ತುರುಕಬೇಡಿ. ಒಂದು ಕಿಲೋ ಮಾಂಸವನ್ನು ಎರಡು ತುಂಡು ಮಾಡಿ. ಸುತ್ತಲೂ ಗಾಳಿ ಓಡಾಡಲು ಜಾಗ ಇರಬೇಕು, ಮೇಲಿರುವ, ಬಿಸಿ ಮಾಡುವ ಕಾಯಿಲ್‌ಗೆ ಏನೂ ತಾಗಬಾರದು. ಹಿಂದಿನ ರಾತ್ರಿಯೇ ಉಪ್ಪು ಸವರಿ ಫ್ರಿಜ್‌ನಲ್ಲಿಟ್ಟರೆ ರುಚಿ ಒಳಗಿನವರೆಗೂ ಇಳಿಯುತ್ತದೆ.

ಇನ್ನು ಮುಚ್ಚುವ ಹಂತ. ಇದನ್ನು ಮಾತ್ರ ಬಿಡಬೇಡಿ. ಬುಟ್ಟಿಯೊಳಗೆ ಕೂರುವ ಚಿಕ್ಕ ಲೋಹದ ಪಾತ್ರೆಯಲ್ಲಿ ಮಾಂಸ ಇಡಿ. ಅರ್ಧ ಕಪ್ ನೀರು ಅಥವಾ ಸ್ಟಾಕ್ (ಮೂಳೆ ಇಲ್ಲವೇ ತರಕಾರಿ ಬೇಯಿಸಿ ಸೋಸಿದ ನೀರು) ಹಾಕಿ, ಫಾಯಿಲ್‌ನಿಂದ ಬಿಗಿಯಾಗಿ ಮುಚ್ಚಿ. ಫಾಯಿಲ್ ಸಡಿಲವಿದ್ದರೆ ಗಾಳಿಗೆ ಹಾರಿ ಕಾಯಿಲ್‌ಗೆ ತಾಗಬಹುದು, ಎಚ್ಚರ. ಮಸಾಲೆಯಲ್ಲಿ ನಿಂಬೆ, ವಿನೆಗರ್ ಅಥವಾ ಟೊಮೆಟೊ ಇದ್ದರೆ ಮಾಂಸದ ಮೇಲೆ ಬೇಕಿಂಗ್ ಪೇಪರ್ ಹಾಸಿ, ಅದರ ಮೇಲೆ ಫಾಯಿಲ್ ಹಾಕಿ. ಹುಳಿ ತಾಗಿದರೆ ಅಲ್ಯೂಮಿನಿಯಂ ಸವೆಯುತ್ತದೆ.

ಓವನ್ ರೆಸಿಪಿಯಲ್ಲಿ ಹೇಳಿದ್ದಕ್ಕಿಂತ 10ರಿಂದ 20 ಡಿಗ್ರಿ ಕಡಿಮೆ ಇಡಿ. 150 ಅಂದಿದ್ದರೆ 135 ಸಾಕು. ತುಂಡುಗಳು ಚಿಕ್ಕವಾದ್ದರಿಂದ ಸಮಯವೂ ಕಡಿಮೆಯಾಗುತ್ತದೆ. ಒಂದೂವರೆ ಗಂಟೆಯ ಹೊತ್ತಿಗೆ ಒಮ್ಮೆ ನೋಡಿ. ಹಲವು ಮಾದರಿಗಳಲ್ಲಿ ಟೈಮರ್ 60 ನಿಮಿಷಕ್ಕೇ ನಿಲ್ಲುತ್ತದೆ, ಮತ್ತೆ ತಿರುಗಿಸಬೇಕಾಗುತ್ತದೆ. ಆಗಲೇ ನೀರು ಇದೆಯೇ ಎಂದೂ ನೋಡಿಬಿಡಿ.

ಬೆಂದಿದೆಯೇ ಎಂದು ಗಡಿಯಾರ ಹೇಳುವುದಿಲ್ಲ. ಮಾಂಸದ ಥರ್ಮಾಮೀಟರ್ ಅನ್ನು ಮೂಳೆಗೆ ತಾಗದಂತೆ ದಪ್ಪ ಜಾಗಕ್ಕೆ ಚುಚ್ಚಿ. ಎಳೆ ಎಳೆಯಾಗಿ ಬಿಡಿಸಬೇಕೆಂದರೆ 90ರಿಂದ 95 ಡಿಗ್ರಿ ಬರಬೇಕು. ಫೋರ್ಕ್ ಚುಚ್ಚಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ಮುಚ್ಚಿ ಇನ್ನೊಂದು 20 ನಿಮಿಷ ಬಿಡಿ. ಬೇಸರ ಬೇಡ, ಗಟ್ಟಿ ಮಾಂಸಕ್ಕೆ ಆ ಹೆಚ್ಚುವರಿ ಹೊತ್ತೇ ಬೇಕಾಗಿರುತ್ತದೆ.

ಈಗ ಫಾಯಿಲ್ ತೆಗೆಯಿರಿ, ರಸವನ್ನು ಬೇರೆ ಪಾತ್ರೆಗೆ ಬಸಿದುಕೊಳ್ಳಿ. 200 ಡಿಗ್ರಿಯಲ್ಲಿ 8ರಿಂದ 10 ನಿಮಿಷ. ಇಷ್ಟು ಹೊತ್ತು ತೊಂದರೆ ಕೊಡುತ್ತಿದ್ದ ಫ್ಯಾನ್ ಈಗ ನೆರವಿಗೆ ಬರುತ್ತದೆ, ಅಲ್ವಾ? ಓವನ್‌ಗಿಂತ ಬೇಗ ಗರಿಗರಿ ಪದರ ಕೂರುತ್ತದೆ. ಜೇನು ಅಥವಾ ಬೆಲ್ಲದ ಲೇಪನವಿದ್ದರೆ ಕೊನೆಯ 3-4 ನಿಮಿಷಕ್ಕೆ ಮಾತ್ರ ಸವರಿ, ಮೊದಲೇ ಹಚ್ಚಿದರೆ ಸುಮ್ನೆ ಕರಟುತ್ತದೆ.

ಹೊರತೆಗೆದ ಮೇಲೆ 15 ನಿಮಿಷ ಹಾಗೇ ಬಿಡಿ. ಅಷ್ಟರಲ್ಲಿ ಬಸಿದ ರಸದ ಮೇಲಿನ ಕೊಬ್ಬು ತೆಗೆದು ಒಲೆಯ ಮೇಲೆ ಕುದಿಸಿ ಗಟ್ಟಿ ಮಾಡಿಕೊಳ್ಳಿ. ಮಾಂಸ ಬಿಡಿಸಿ, ಆ ರಸವನ್ನು ಅದಕ್ಕೇ ಬೆರೆಸಿ.