ಮೀಟರ್‌ನಲ್ಲಿ ಎರಡು ಇತ್ತು, ಅಮೋನಿಯಾ ಇಳಿಯಲಿಲ್ಲ

ಸರ್ಜಾಪುರ ರಸ್ತೆಯ ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನನ್ನ ತಲೆಗೆ ಬಂದದ್ದು ಸಂಘದ ಮೀಟಿಂಗಿನಲ್ಲಿ ಸುಮ್ನೆ ಕೂತಿದ್ದಕ್ಕೆ. ಕೊಳಚೆ ನೀರಿನ ಗಂಧಗಾಳಿಯೂ ಗೊತ್ತಿರಲಿಲ್ಲ. ಆಮೇಲೆ ಗಂಧ ಮೊದಲು ಗೊತ್ತಾಯಿತು, ಗಾಳಿ ನಿಧಾನವಾಗಿ.

ನಮ್ಮದು ಎಂಬಿಬಿಆರ್ ಎಂಬ ಬಗೆಯದು. ಟ್ಯಾಂಕಿನ ತುಂಬ ಪ್ಲಾಸ್ಟಿಕ್ ಬಿಲ್ಲೆಗಳು, ಅವಕ್ಕೆ ಅಂಟಿದ ಬ್ಯಾಕ್ಟೀರಿಯಾ ಲೋಳೆ. ಲ್ಯಾಬ್ ವರದಿಯಲ್ಲಿ ಬಿಓಡಿ (ನೀರಿನಲ್ಲಿ ಉಳಿದ ಕೊಳೆಯ ಅಳತೆ) ಸರಿಯಿತ್ತು, ಅಮೋನಿಯಾ ಮಾತ್ರ ಲೀಟರಿಗೆ 18 ಮಿಲಿಗ್ರಾಂ. ನಮ್ಮ ಮಿತಿ 5. ಡಿಓ, ಅಂದರೆ ನೀರಿನಲ್ಲಿ ಕರಗಿದ ಆಮ್ಲಜನಕ, ಅಳೆಯುವ ಮೀಟರ್ 2 ತೋರಿಸುತ್ತಿತ್ತು. "ಎರಡಿದ್ರೆ ಸಾಕು ಸಾರ್, ಹಿಂದಿನ ಕೆಲಸದಲ್ಲಿ ಹಂಗೇ ಇತ್ತು" ಎಂದ ಆಪರೇಟರ್. ಅವನದು ತಪ್ಪಲ್ಲ. ಬ್ಯಾಕ್ಟೀರಿಯಾ ನೀರಿನಲ್ಲೇ ತೇಲುವ ಹಳೇ ಪದ್ಧತಿಗೆ 2 ಸಾಕು. ಇಲ್ಲಿ ಆಮ್ಲಜನಕ ಲೋಳೆಯ ಒಳಗೆ ಇಳಿಯಬೇಕು. ಕೊಳೆ ತಿನ್ನುವ ಬ್ಯಾಕ್ಟೀರಿಯಾ ಹೊರಪದರದಲ್ಲೇ ಅದನ್ನು ಮುಗಿಸಿಬಿಡುತ್ತವೆ. ಅಮೋನಿಯಾ ತಿನ್ನುವವು ಒಳಗೆ ಉಪವಾಸ. ಅವಕ್ಕೆ ಹಸಿವೂ ಜಾಸ್ತಿ: ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 4.5 ಗ್ರಾಂ ಆಮ್ಲಜನಕ. ಹಾಗಾಗಿ ನೀರಿನಲ್ಲಿ 3ರಿಂದ 4 ಇರಲೇಬೇಕು.

ಟ್ಯಾಂಕಿಗೆ ಗಾಳಿ ಊದುವ ಎರಡನೇ ಬ್ಲೋವರ್ ಕೂಡ ಓಡಿಸಿದೆ. ಡಿಓ 2.6ಕ್ಕೆ ನಿಂತಿತು, ಕರೆಂಟ್ ಬಿಲ್ ನಿಲ್ಲಲಿಲ್ಲ. ಆಗ ಮುಚ್ಚಳ ತೆಗೆಸಿ ಬಗ್ಗಿ ನೋಡಿದೆ. ಅರ್ಧ ಟ್ಯಾಂಕಿನಲ್ಲಿ ಮಾತ್ರ ಗುಳ್ಳೆ, ಇನ್ನರ್ಧದಲ್ಲಿ ಬಿಲ್ಲೆಗಳು ಕಡಲೆಪುರಿ ರಾಶಿಯಂತೆ ಒತ್ತಿಕೊಂಡು ನಿಂತಿದ್ದವು. ಇದನ್ನು ಮೊದಲೇ ನೋಡಬೇಕಿತ್ತು, ಅಲ್ವಾ?

ಬಿಲ್ಲೆಗಳನ್ನು ಈರುಳ್ಳಿ ಚೀಲಗಳಿಗೆ ತುಂಬಿ, ಲೋಳೆ ಒಣಗದಂತೆ ನೀರು ಹಾಕುತ್ತಾ ಟ್ಯಾಂಕ್ ಖಾಲಿ ಮಾಡಿಸಿದೆವು. ತಳದಲ್ಲಿ ಸಣ್ಣ ಗುಳ್ಳೆ ಬಿಡುವ ಡಿಫ್ಯೂಸರ್‌ಗಳ ರಬ್ಬರ್ ಹರಿದಿತ್ತು, ಕೆಲವು ಕಟ್ಟಿಕೊಂಡಿದ್ದವು. ಅವುಗಳ ಜಾಗಕ್ಕೆ ದೊಡ್ಡ ಗುಳ್ಳೆ ಬಿಡುವ, ತೂತು ಕೊರೆದ ಸ್ಟೀಲ್ ಪೈಪ್ ಹಾಕಿಸಿದೆ. ಸಣ್ಣ ಗುಳ್ಳೆಯಿಂದ ಆಮ್ಲಜನಕ ಜಾಸ್ತಿ ಕರಗುತ್ತದೆ, ನಿಜ. ಆದರೆ ಬಿಲ್ಲೆಗಳನ್ನು ಸುತ್ತಿಸಲು ದೊಡ್ಡ ಗುಳ್ಳೆಯೇ ವಾಸಿ. ಪೈಪಿನಲ್ಲಿ ಹರಿಯುವ ರಬ್ಬರೂ ಇಲ್ಲ; ಮತ್ತೆ ಮತ್ತೆ ಟ್ಯಾಂಕ್ ಖಾಲಿ ಮಾಡಿಸುವ ಶಕ್ತಿ ನನಗಂತೂ ಇಲ್ಲ.

ಇನ್ನೊಂದು ವಿಷಯ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಸುಮಾರು ಹತ್ತನೇ ಒಂದು ಭಾಗ ತೆಳು. ಸಮುದ್ರಮಟ್ಟದ ಲೆಕ್ಕ ಹಿಡಿದು ಬ್ಲೋವರ್ ಕೊಂಡರೆ ಕಮ್ಮಿ ಬೀಳುತ್ತದೆ. ನಮ್ಮದು ಹಾಗೇ ಆಗಿತ್ತು, ಪುಲ್ಲಿ ಬದಲಿಸಿ ವೇಗ ಸ್ವಲ್ಪ ಏರಿಸಿಕೊಂಡೆವು.

ಮೂರು ವಾರಕ್ಕೆ ಡಿಓ 3.8, ಅಮೋನಿಯಾ 4. ರಾತ್ರಿ ವಿಎಫ್‌ಡಿಯಲ್ಲಿ (ಮೋಟಾರಿನ ವೇಗ ಹೆಚ್ಚುಕಮ್ಮಿ ಮಾಡುವ ಸಾಧನ) ಬ್ಲೋವರ್ ವೇಗ ಇಳಿಸುತ್ತೇವೆ, ಆದರೆ ಬಿಲ್ಲೆಗಳು ಸುತ್ತುವುದು ನಿಲ್ಲದಷ್ಟು ಮಾತ್ರ. ಆದರೂ ಕರೆಂಟ್ ಬಿಲ್ ಮೊದಲಿಗಿಂತ ಜಾಸ್ತಿಯೇ ಬರುತ್ತಿದೆ. ಮುಂದಿನ ಮೀಟಿಂಗಿನಲ್ಲಿ ಅದಕ್ಕೆ ಉತ್ತರ ಹೇಳಬೇಕಾದವನೂ ನಾನೇ.