ಎಚ್‌ಡಿಎಂಐ ಕೇಬಲ್ ಕೊಳ್ಳುವ ಮುಂಚೆ ಡಬ್ಬಿ ನೋಡಿ

ಮಡಿಕೇರಿ ಮಳೆಗಾಲದಲ್ಲಿ ಮಕ್ಕಳಿಗೆ ಮನೆಯೊಳಗೆ ಗೇಮೇ ಜಾಸ್ತಿ ಅಲ್ವಾ? ನಮ್ಮಲ್ಲಿ ಹೊಸ ಪಿಎಸ್5 ಗೇಮ್ ಕನ್ಸೋಲ್ ಹಾಕಿದ ದಿನ ಪರದೆ ಆಗಾಗ ಎರಡು ಸೆಕೆಂಡ್ ಕಪ್ಪಾಗುತ್ತಿತ್ತು. ಟಿವಿಯೇ ಕೆಟ್ಟಿತು ಅಂದುಕೊಂಡೆ. ತೊಂದರೆ ಇದ್ದದ್ದು ಟಿವಿಗೆ ಚಿತ್ರ, ಧ್ವನಿ ಸಾಗಿಸುವ ಹಳೇ ಎಚ್‌ಡಿಎಂಐ ಕೇಬಲ್‌ನಲ್ಲಿ.

4ಕೆ 120 ಹರ್ಟ್ಸ್ (ಸೆಕೆಂಡಿಗೆ 120 ಬಾರಿ ಬದಲಾಗುವ ಅತಿ ಸ್ಪಷ್ಟ ಚಿತ್ರ) ಬೇಕಿದ್ದರೆ ಡಬ್ಬಿ ಮೇಲೆ 'ಅಲ್ಟ್ರಾ ಹೈ ಸ್ಪೀಡ್' ಲೇಬಲ್ ಇರಬೇಕು. ಅಂಥ ಕೇಬಲ್ 48 ಜಿಬಿಪಿಎಸ್‌ವರೆಗೆ (ಸೆಕೆಂಡಿಗೆ 48 ಗಿಗಾಬಿಟ್) ಡೇಟಾ ಸಾಗಿಸುತ್ತದೆ. ಸುಮ್ನೆ '2.1' ಅಂತ ಎಚ್‌ಡಿಎಂಐ ಆವೃತ್ತಿ ಸಂಖ್ಯೆ ಮಾತ್ರ ಬರೆದಿದ್ದರೆ ನಂಬಬೇಡಿ. ಲೇಬಲ್ ಮೇಲಿನ ಕ್ಯೂಆರ್ ಕೋಡನ್ನು ಎಚ್‌ಡಿಎಂಐ ಸರ್ಟಿಫಿಕೇಶನ್ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ಅಸಲಿಯೋ ನಕಲಿಯೋ ಅಂಗಡಿಯಲ್ಲೇ ತಿಳಿಯುತ್ತದೆ. ಬರೀ 4ಕೆ ಸಿನಿಮಾ ನೋಡುವವರಿಗೆ 18 ಜಿಬಿಪಿಎಸ್‌ನ 'ಪ್ರೀಮಿಯಂ ಹೈ ಸ್ಪೀಡ್' ಸಾಕು.

ತಾಮ್ರದ ಕೇಬಲ್ 3 ಮೀಟರ್ ಒಳಗಿದ್ದರೆ ಒಳ್ಳೆಯದು. ಪ್ರೊಜೆಕ್ಟರ್ ದೂರದಲ್ಲಿದ್ದರೆ ಬೆಳಕಿನ ಮೂಲಕ ಸಿಗ್ನಲ್ ಸಾಗಿಸುವ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ತಗೊಳ್ಳಿ. ಅದರ ತುದಿಗಳು ಅದಲುಬದಲಾದರೆ ಚಿತ್ರವೇ ಬರುವುದಿಲ್ಲ, ಗುರುತು ನೋಡಿ ಸಿಕ್ಕಿಸಿ.