ಕಂಪ್ಯೂಟರ್ ತಾನಾಗೇ ಆನ್ ಆಗ್ತಿದೆಯಾ? ಮೊದಲು ಟೈಮ್ ಬರೆದಿಡಿ

ರಾತ್ರಿ ಆಫ್ ಮಾಡಿ ಮಲಗಿರುತ್ತೀರಿ. ಬೆಳಗ್ಗೆ ಎದ್ದು ನೋಡಿದರೆ ಕಂಪ್ಯೂಟರ್ ಆನ್ ಆಗಿ ಕೂತಿರುತ್ತದೆ. ಮನೆಯಲ್ಲಿ ಯಾರೂ ಮುಟ್ಟಿಲ್ಲ. ಹೀಗಾದಾಗ ಜಾಸ್ತಿ ಜನ ಮಾಡೋದು ಎರಡೇ ಕೆಲಸ. ಒಂದೋ ವೈರಸ್ ಅಂತ ಹೆದರಿ ವಿಂಡೋಸ್ ಹೊಸದಾಗಿ ಹಾಕಿಸುತ್ತಾರೆ, ಇಲ್ಲವೇ ಅಂಗಡಿಗೆ ಹೊತ್ತುಕೊಂಡು ಹೋಗುತ್ತಾರೆ. ದಯವಿಟ್ಟು ಸದ್ಯಕ್ಕೆ ಎರಡೂ ಬೇಡ. ಅಂಗಡಿಯಲ್ಲಿ ಎಷ್ಟೋ ಸಲ ಅದು ತಾನಾಗಿ ಆನ್ ಆಗೋದೇ ಇಲ್ಲ, ಯಾಕೆಂದರೆ ಕಾರಣ ನಿಮ್ಮ ಮನೆಯ ಕರೆಂಟಿನಲ್ಲೋ, ನಿಮ್ಮ ಟೇಬಲ್ ಮೇಲಿನ ಮೌಸ್‌ನಲ್ಲೋ, ನಿಮ್ಮ ಇಂಟರ್ನೆಟ್ ಕೇಬಲ್‌ನಲ್ಲೋ ಇರುತ್ತದೆ.

ಊರಲ್ಲಿರುವ ಅಪ್ಪ ಅಮ್ಮನಿಗೆ ಅಂತ ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದು ಹಳೆ ಆಫೀಸ್ ಕಂಪ್ಯೂಟರ್ ತಂದುಕೊಟ್ಟಿದ್ದೆ. ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟಿದ್ದನ್ನು ಧೂಳು ಒರೆಸಿ, ಹೊಸ ಎಸ್‌ಎಸ್‌ಡಿ ಹಾಕಿ ಮಾರುತ್ತಾರಲ್ಲ, ಅಂಥದ್ದು. ವಾರ ಕಳೆಯೋದರೊಳಗೆ ಅಮ್ಮನ ಫೋನ್ ಬಂತು. "ಯಾರೂ ಮುಟ್ಟದೇ ಆನ್ ಆಗುತ್ತೆ ಕಣೋ, ನಂಗೆ ಭಯ ಆಗುತ್ತೆ." ನಾನು ಹೇಳಿದ್ದು ಒಂದೇ ಮಾತು. ಆನ್ ಆದಾಗಲೆಲ್ಲ ಗೋಡೆ ಕ್ಯಾಲೆಂಡರಿನಲ್ಲಿ ಟೈಮ್ ಬರೆದಿಡಮ್ಮ. ಹತ್ತು ದಿನ ಬಿಟ್ಟು ಅದರ ಫೋಟೋ ಕಳಿಸಿದರು. ಬೆಳಗ್ಗೆ 7:30, 7:30, 7:30. ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ, ಶನಿವಾರ ಭಾನುವಾರ ಖಾಲಿ. ಅದರ ಜೊತೆ ಎರಡು ದಿನ ಮಧ್ಯಾಹ್ನದ ಹೊತ್ತು ಬೇರೆ ಇತ್ತು, ಪಕ್ಕದಲ್ಲಿ ಅಮ್ಮ ಸಣ್ಣಕ್ಷರದಲ್ಲಿ "ಕರೆಂಟ್ ಬಂದಾಗ" ಅಂತ ಬರೆದಿದ್ದರು.

ಅಷ್ಟು ಸಾಕಾಯಿತು. ಆ ಮೆಷಿನ್ ಮೊದಲಿದ್ದ ಆಫೀಸಿನಲ್ಲಿ ಯಾರೋ, ಸಿಬ್ಬಂದಿ ಬರುವ ಮುಂಚೆ ರೆಡಿ ಇರಲಿ ಅಂತ, ಕೆಲಸದ ದಿನ ಮಾತ್ರ 7:30ಕ್ಕೆ ಆನ್ ಆಗುವ ಹಾಗೆ ಇಟ್ಟಿದ್ದರು. ಕರೆಂಟ್ ಹೋಗಿ ಬಂದರೆ ತಾನೇ ಆನ್ ಆಗಲಿ ಅಂತಲೂ ಇಟ್ಟಿದ್ದರು. ಈ ಸೆಟ್ಟಿಂಗ್‌ಗಳು ಡಿಸ್ಕಿನಲ್ಲಿ ಇರೋದಿಲ್ಲ, ಮದರ್‌ಬೋರ್ಡಿನ, ಅಂದರೆ ಒಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡಿನ ಬಯಾಸ್‌ನಲ್ಲಿ ಇರುತ್ತವೆ. ಬಯಾಸ್ ಅಂದರೆ ವಿಂಡೋಸ್‌ಗಿಂತ ಮೊದಲು ಓಡುವ, ಬೋರ್ಡಿನದೇ ಆದ ಸಣ್ಣ ಪ್ರೋಗ್ರಾಮ್. ಅದಕ್ಕೇ ಡಿಸ್ಕ್ ಬದಲಾಯಿಸಿದರೂ, ವಿಂಡೋಸ್ ಹತ್ತು ಸಲ ಹೊಸದಾಗಿ ಹಾಕಿದರೂ ಅವು ಹಾಗೇ ಉಳಿಯುತ್ತವೆ. ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್ ತಂದವರು ಮೊದಲು ಇದನ್ನೇ ನೋಡಿ.

ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಶಟ್‌ಡೌನ್ ಮಾಡಿದ ಡೆಸ್ಕ್‌ಟಾಪ್ ಪೂರ್ತಿ ಆಫ್ ಆಗಿರೋದಿಲ್ಲ. ಗೋಡೆಯ ಸ್ವಿಚ್ ಆನ್ ಇರುವವರೆಗೆ ಪವರ್ ಸಪ್ಲೈ ಒಳಗಿಂದ ಸಣ್ಣದಾಗಿ 5 ವೋಲ್ಟ್ ಮದರ್‌ಬೋರ್ಡಿಗೆ ಹೋಗುತ್ತಲೇ ಇರುತ್ತದೆ, ಸಾಮಾನ್ಯವಾಗಿ ನೇರಳೆ ಬಣ್ಣದ ವೈರಿನಲ್ಲಿ. ಬಟನ್ ಒತ್ತಿದ್ದು ಬೋರ್ಡಿಗೆ ಗೊತ್ತಾಗೋದು ಅದರಿಂದಲೇ. ಬಟನ್ ಅಲ್ಲದೆ ಬೇರೆ ಯಾರಾದರೂ, ಅಂದರೆ ಗಡಿಯಾರ, ನೆಟ್‌ವರ್ಕ್, ಕೀಬೋರ್ಡ್, "ಏಳು" ಅಂದರೂ ಬೋರ್ಡ್ ಎದ್ದುಬಿಡುತ್ತದೆ. ನಾವು ಹುಡುಕಬೇಕಾದ್ದು ಹಾಗೆ ಎಬ್ಬಿಸಿದ್ದು ಯಾವುದು ಅಂತ.

ಹಾಗಾಗಿ ಮೊದಲ ಪ್ರಶ್ನೆ, ಕಂಪ್ಯೂಟರ್ ನಿಜವಾಗಿ ಆಫ್ ಆಗಿತ್ತಾ, ಇಲ್ಲಾ ಸುಮ್ನೆ ಸ್ಲೀಪ್‌ನಲ್ಲಿ, ಅಂದರೆ ತೆರೆದ ಕೆಲಸವನ್ನು ಹಾಗೇ ಇಟ್ಟುಕೊಂಡು ಮಲಗಿತ್ತಾ? ತಾನಾಗಿ ಆನ್ ಆದಾಗ ನೀವು ಪರದೆಯ ಮೇಲೆ ತೆರೆದಿಟ್ಟಿದ್ದ ಕಿಟಕಿಗಳೆಲ್ಲ ಹಾಗೇ ಇದ್ದರೆ ಅದು ಸ್ಲೀಪ್ ಅಥವಾ ಹೈಬರ್ನೇಟ್‌ನಿಂದ (ತೆರೆದ ಕೆಲಸವನ್ನು ಡಿಸ್ಕಿಗೆ ಬರೆದಿಟ್ಟು ಆಫ್ ಆಗೋದು) ಎದ್ದಿದೆ. ಕಂಪನಿಯ ಲೋಗೋ ಬಂದು, ಹೊಸದಾಗಿ ಶುರುವಾಗಿ, ಪಾಸ್‌ವರ್ಡ್ ಕೇಳಿ, ಹಳೆಯದೇನೂ ತೆರೆದಿಲ್ಲ ಅಂದರೆ ಆಫ್‌ನಿಂದ ಎದ್ದಿದೆ. ಇವೆರಡರ ಕಾರಣಗಳೇ ಬೇರೆ, ಹುಡುಕುವ ಜಾಗವೂ ಬೇರೆ.

ವಿಂಡೋಸ್ ತನ್ನ ಡೈರಿಯನ್ನು ತಾನೇ ಬರೆಯುತ್ತದೆ, ಅದನ್ನೂ ನೋಡಿ. ಸ್ಟಾರ್ಟ್‌ನಲ್ಲಿ ಈವೆಂಟ್ ವ್ಯೂವರ್ ಅಂತ ಹುಡುಕಿ, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ತೆಗೆಯಿರಿ. ಪವರ್ ಟ್ರಬಲ್‌ಶೂಟರ್ ಹೆಸರಿನ, ಈವೆಂಟ್ ಐಡಿ ನಂಬರ್ 1ರ ಸಾಲು ಸಿಕ್ಕರೆ ಅದರಲ್ಲಿ ಮಲಗಿದ ಟೈಮ್, ಎದ್ದ ಟೈಮ್, ಎಬ್ಬಿಸಿದ್ದು ಯಾವುದು ಅಂತ ಇರುತ್ತದೆ. ಕೆಲವು ಸಲ ವೇಕ್ ಸೋರ್ಸ್ ಎದುರು ಅನ್‌ನೋನ್ ಅಂತ ಬಂದು ಬೇಜಾರಾಗುತ್ತದೆ, ಪರವಾಗಿಲ್ಲ, ಟೈಮ್ ಅಂತೂ ಸಿಕ್ಕಿತು. ನಂಬರ್ 6006 ಅಂದರೆ ಕ್ರಮವಾಗಿ ಆಫ್ ಆಗಿದೆ. 6008 ಅಥವಾ ಕರ್ನಲ್ ಪವರ್ 41 ಕಂಡರೆ ಆಫ್ ಆಗಿದ್ದೇ ಸರಿಯಾಗಿ ಅಲ್ಲ, ಕರೆಂಟ್ ಹೋಗಿದೆ ಅಥವಾ ಕ್ರ್ಯಾಶ್ ಆಗಿದೆ. 1074 ಇದ್ದರೆ ಯಾವುದೋ ಪ್ರೋಗ್ರಾಮ್ ಅಥವಾ ಬಳಸುವವರೇ ಬೇಕಂತಲೇ ಆಫ್ ಇಲ್ಲವೇ ರೀಸ್ಟಾರ್ಟ್ ಮಾಡಿಸಿದ್ದಾರೆ, ಯಾರು ಅಂತ ಅಲ್ಲೇ ಬರೆದಿರುತ್ತದೆ. ಅಪ್‌ಡೇಟ್ ಆದ ರಾತ್ರಿ ಇದು ಸಾಮಾನ್ಯ.

ಸ್ಲೀಪ್‌ನಿಂದ ಏಳುವುದಾದರೆ ಇನ್ನೂ ಸುಲಭ. ಕಮಾಂಡ್ ಪ್ರಾಂಪ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆಗೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಪವರ್ ಅನ್ನೋದಕ್ಕೆ ಅಂಟಿಸಿಯೇ ಸಿ, ಎಫ್, ಜಿ ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಸಣ್ಣ ಅಡ್ಡಗೆರೆ ಹಾಕಿ, ಲಾಸ್ಟ್ ವೇಕ್ ಅನ್ನೋದನ್ನು ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ಕೊನೆಯ ಸಲ ಎಬ್ಬಿಸಿದ್ದು ಯಾವುದು ಅಂತ ಹೇಳುತ್ತದೆ. ಕೊನೆಯ ಪದದ ಬದಲು ವೇಕ್ ಟೈಮರ್ಸ್ ಅಂತ, ಅದೂ ಒಂದೇ ಪದವಾಗಿ, ಕೊಟ್ಟರೆ ಮುಂದೆ ಎಬ್ಬಿಸಲು ಕಾದು ಕೂತಿರುವ ಅಲಾರಾಂಗಳ ಪಟ್ಟಿ ಬರುತ್ತದೆ. ಇದು ತುಂಬಾ ಉಪಯೋಗದ ಆಜ್ಞೆ, ಇದನ್ನು ಸಂಜೆ ಸ್ಲೀಪ್ ಹಾಕೋ ಮುಂಚೆ ಓಡಿಸಿ ನೋಡಿ, ರಾತ್ರಿ ಎರಡು ಗಂಟೆಗೆ ಯಾರು ಎಬ್ಬಿಸಲಿದ್ದಾರೆ ಅಂತ ಮೊದಲೇ ಗೊತ್ತಾಗಿಬಿಡುತ್ತದೆ.

ರಾತ್ರಿ ಎರಡು ಗಂಟೆ ಅಂತ ಸುಮ್ನೆ ಹೇಳಿದ್ದಲ್ಲ. ವಿಂಡೋಸ್‌ನ ಆಟೋಮ್ಯಾಟಿಕ್ ಮೇಂಟೆನೆನ್ಸ್ ಎಂಬ ದಿನನಿತ್ಯದ ಕೆಲಸಕ್ಕೆ ಮೊದಲಿಂದ ಇಟ್ಟಿರುವ ಟೈಮ್ ಅದೇ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸೆಕ್ಯುರಿಟಿ ಅಂಡ್ ಮೇಂಟೆನೆನ್ಸ್ ತೆಗೆದು, ಕಂಪ್ಯೂಟರನ್ನು ಎಬ್ಬಿಸಬಹುದು ಅನ್ನುವ ಟಿಕ್ ಇದ್ದರೆ ತೆಗೆಯಿರಿ. ಆಮೇಲೆ ಪವರ್ ಆಪ್ಷನ್ಸ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ಗೆ ಹೋಗಿ, ಸ್ಲೀಪ್ ಕೆಳಗೆ ಅಲೋ ವೇಕ್ ಟೈಮರ್ಸ್ ಅಂತ ಇರುತ್ತದೆ, ಅದನ್ನು ಡಿಸೇಬಲ್ ಮಾಡಿ. ಇಂಪಾರ್ಟೆಂಟ್ ವೇಕ್ ಟೈಮರ್ಸ್ ಓನ್ಲಿ ಅಂತ ಮಧ್ಯದ ಆಯ್ಕೆಯೊಂದಿದೆ, ಅದು ಬೇಡ, ಅಪ್‌ಡೇಟಿನ ರೀಸ್ಟಾರ್ಟ್‌ಗಳು ಅದರೊಳಗಿಂದ ನುಸುಳುತ್ತವೆ.

ಟೈಮ್‌ಗೆ ಒಂದು ಲೆಕ್ಕವೇ ಇಲ್ಲ, ಟೇಬಲ್ ಪಕ್ಕ ಓಡಾಡಿದಾಗ, ಬಾಗಿಲು ಜೋರಾಗಿ ಹಾಕಿದಾಗ ಏಳುತ್ತದೆ ಅಂದರೆ ಮೌಸ್ ಅಂತ ತಿಳಿಯಿರಿ. ಅಡಿಯಲ್ಲಿ ಬೆಳಕು ಬರುವ ಮೌಸ್‌ಗೆ ಕೂದಲೆಳೆಯಷ್ಟು ಅಲುಗಾಟ ಸಾಕು. ಹೊಳಪಿನ ಗಾಜಿನ ಟೇಬಲ್ ಮೇಲೆ ಇಟ್ಟರಂತೂ ಅಲುಗದೆಯೂ ಅಲುಗಿದೆ ಅಂದುಕೊಳ್ಳುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್‌ನ ಪ್ರಾಪರ್ಟೀಸ್ ತೆಗೆದು, ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಈ ಸಾಧನ ಕಂಪ್ಯೂಟರನ್ನು ಎಬ್ಬಿಸಬಹುದು ಅನ್ನೋ ಟಿಕ್ ತೆಗೆದುಬಿಡಿ. ಕೀಬೋರ್ಡಿಗೆ ಇರಲಿ, ನಿಮಗೆ ಬೇಕಾದಾಗ ಎಬ್ಬಿಸಲು ಅದೊಂದು ಸಾಕು.

ಇನ್ನು ನೆಟ್‌ವರ್ಕ್. ವೇಕ್ ಆನ್ ಲ್ಯಾನ್ ಅಂತ ಒಂದು ವ್ಯವಸ್ಥೆ ಇದೆ, 1990ರ ದಶಕದ ಕೊನೆಯಿಂದಲೂ ಇದೆ. ಮ್ಯಾಜಿಕ್ ಪ್ಯಾಕೆಟ್ ಅಂತ ಕರೆಯುವ ಒಂದು ಸಂದೇಶ ಕೇಬಲ್‌ನಲ್ಲಿ ಬಂದರೆ ನೆಟ್‌ವರ್ಕ್ ಕಾರ್ಡ್ ಕಂಪ್ಯೂಟರನ್ನು ಎಬ್ಬಿಸುತ್ತದೆ. ಆ ಸಂದೇಶದಲ್ಲಿ ನಿಮ್ಮ ಕಾರ್ಡಿನ ವಿಳಾಸ 16 ಸಲ ಇರಬೇಕು, ಹಾಗಾಗಿ ಅದು ಅಕಸ್ಮಾತ್ತಾಗಿ ಬರುವಂಥದ್ದಲ್ಲ. ಆದರೆ ಎಷ್ಟೋ ಕಾರ್ಡ್‌ಗಳಲ್ಲಿ ವೇಕ್ ಆನ್ ಪ್ಯಾಟರ್ನ್ ಮ್ಯಾಚ್ ಅಂತ ಇನ್ನೊಂದು ಆಯ್ಕೆಯೂ ಆನ್ ಇರುತ್ತದೆ. ಅದಕ್ಕೆ ಮನೆಯೊಳಗಿನ ಬೇರೆ ಸಾಧನಗಳ ಮಾಮೂಲಿ ವಿಚಾರಣೆಯೇ ಸಾಕು, ಟಿವಿಯೋ ಫೋನೋ ಪ್ರಿಂಟರೋ "ನೀನಿದ್ದೀಯಾ" ಅಂತ ಕೇಳಿದರೂ ಎದ್ದುಬಿಡಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡ್ ತೆಗೆದು ಅಡ್ವಾನ್ಸ್‌ಡ್ ಭಾಗದಲ್ಲಿ ಎರಡನ್ನೂ ಡಿಸೇಬಲ್ ಮಾಡಿ. ಇದನ್ನೆಲ್ಲ ಮಾಡೋ ಮುಂಚೆ ಒಂದು ಸುಲಭ ಪರೀಕ್ಷೆ ಇದೆ, ಎರಡು ರಾತ್ರಿ ಇಂಟರ್ನೆಟ್ ಕೇಬಲ್ ಕಿತ್ತಿಟ್ಟು ಮಲಗಿ.

ಹ್ಯಾಕರ್‌ಗಳು ಆನ್ ಮಾಡುತ್ತಿದ್ದಾರಾ ಅಂತ ತುಂಬಾ ಜನ ಕೇಳುತ್ತಾರೆ, ಭಯ ಆಗೋದು ಸಹಜ. ಮ್ಯಾಜಿಕ್ ಪ್ಯಾಕೆಟ್ ಸಾಮಾನ್ಯವಾಗಿ ಮನೆಯ ನೆಟ್‌ವರ್ಕ್ ಒಳಗೆ ಮಾತ್ರ ಓಡಾಡುತ್ತದೆ. ರೌಟರ್‌ನಲ್ಲಿ ನೀವೇ ದಾರಿ ಬಿಟ್ಟುಕೊಟ್ಟಿಲ್ಲದಿದ್ದರೆ ಹೊರಗಿನಿಂದ ಯಾರೋ ಆಫ್ ಆಗಿರುವ ನಿಮ್ಮ ಕಂಪ್ಯೂಟರ್ ಆನ್ ಮಾಡೋದು ಕಷ್ಟ. ಆದರೆ ದೂರದಿಂದ ಕಂಪ್ಯೂಟರ್ ನೋಡುವ ಆ್ಯಪ್ ಹಾಕಿಕೊಂಡಿದ್ದರೆ, ಅದರಲ್ಲಿ ಎಬ್ಬಿಸುವ ಆಯ್ಕೆ ಆನ್ ಇದೆಯಾ ಅಂತ ನೋಡಿ. ನೀವು ಹಾಕಿದ್ದೇ ನೆನಪಿಲ್ಲದ ಆ್ಯಪ್ ಇದ್ದರೆ ಮೊದಲು ತೆಗೆದುಹಾಕಿ.

ಪೂರ್ತಿ ಆಫ್‌ನಿಂದ ಏಳುತ್ತಿದ್ದರೆ ಬಯಾಸ್ ಒಳಗೆ ಹೋಗಲೇಬೇಕು. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಾ ಇರಿ, ಎಚ್‌ಪಿಯಲ್ಲಿ ಎಫ್10, ಲೆನೊವೊ ಡೆಸ್ಕ್‌ಟಾಪ್‌ಗಳಲ್ಲಿ ಎಫ್1. ನಮ್ಮ ಕಡೆ ಮೊದಲ ಅನುಮಾನ ಯಾವಾಗಲೂ ಕರೆಂಟ್ ಮೇಲೆ. ಕರೆಂಟ್ ಹೋಗಿ ಬಂದಾಗ ಏನು ಮಾಡಬೇಕು ಅನ್ನೋ ಸೆಟ್ಟಿಂಗ್‌ಗೆ ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ, ಅದೇ ದೊಡ್ಡ ತಲೆನೋವು. ಏಸಸ್ ಬೋರ್ಡಿನಲ್ಲಿ ರಿಸ್ಟೋರ್ ಎಸಿ ಪವರ್ ಲಾಸ್, ಗಿಗಾಬೈಟ್‌ನಲ್ಲಿ ಎಸಿ ಬ್ಯಾಕ್, ಡೆಲ್‌ನಲ್ಲಿ ಎಸಿ ರಿಕವರಿ, ಎಚ್‌ಪಿ ಮತ್ತು ಲೆನೊವೊದಲ್ಲಿ ಆಫ್ಟರ್ ಪವರ್ ಲಾಸ್. ಎಲ್ಲದರಲ್ಲೂ ಮೂರು ಆಯ್ಕೆ, ಆಫ್ ಇರು, ಆನ್ ಆಗು, ಮೊದಲಿದ್ದ ಹಾಗೆ ಆಗು. ಆಫ್ ಇರು ಅನ್ನೋದನ್ನು ಆರಿಸಿ. ಮೂರನೆಯದನ್ನು ನಾನು ಒಪ್ಪೋದಿಲ್ಲ. ನೀವು ಕೆಲಸ ಮಾಡುತ್ತಿರುವಾಗ ಕರೆಂಟ್ ಹೋಯಿತು, ಬೇಜಾರಾಗಿ ಎದ್ದು ಹೊರಗೆ ಹೋದಿರಿ ಅಂತಿಟ್ಟುಕೊಳ್ಳಿ. ಕರೆಂಟ್ ಬಂದು ಹೋಗಿ ಬಂದು ಹೋಗಿ ಮಾಡುವಾಗ ಕಂಪ್ಯೂಟರ್ ಪ್ರತಿ ಸಲವೂ ಏಳಲು ನೋಡುತ್ತದೆ, ಪ್ರತಿ ಸಲವೂ ಮಧ್ಯದಲ್ಲಿ ಸಾಯುತ್ತದೆ. ಡಿಸ್ಕಿಗೆ ಇದಕ್ಕಿಂತ ಕೆಟ್ಟದ್ದು ಇಲ್ಲ.

ಇನ್‌ವರ್ಟರ್ ಇದೆಯಲ್ಲ, ನಮಗೆ ಕರೆಂಟ್ ಹೋಗೋದೇ ಗೊತ್ತಾಗಲ್ಲ ಅನ್ನುವವರೂ ಇದನ್ನು ನೋಡಿ. ಕಂಪ್ಯೂಟರಿನ ಪವರ್ ಸಪ್ಲೈ ಪೂರ್ತಿ ಲೋಡ್‌ನಲ್ಲಿ ತಡೆದುಕೊಳ್ಳುವ ಲೆಕ್ಕ ಸುಮಾರು 16 ಮಿಲಿಸೆಕೆಂಡ್. ಮನೆ ಇನ್‌ವರ್ಟರ್ ಮಾಮೂಲಿ ಮೋಡ್‌ನಲ್ಲಿ ಬದಲಾಗಲು ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳಬಹುದು. ಫ್ಯಾನ್‌ಗೆ, ಲೈಟ್‌ಗೆ ಗೊತ್ತಾಗದ ಆ ಚೂರು ಹೊತ್ತಿನಲ್ಲಿ ಕಂಪ್ಯೂಟರ್ ಸತ್ತು ಹುಟ್ಟಿರುತ್ತದೆ. ಎಷ್ಟೋ ಇನ್‌ವರ್ಟರ್‌ಗಳ ಮೇಲೆ ಯುಪಿಎಸ್ ಮೋಡ್ ಅಂತ ಒಂದು ಸಣ್ಣ ಸ್ವಿಚ್ ಇರುತ್ತದೆ, ಅದನ್ನು ಹಾಕಿ.

ಬಯಾಸ್‌ನಲ್ಲಿ ಇರುವಾಗಲೇ ಗಡಿಯಾರದ ಅಲಾರಾಂ ನೋಡಿ. ಡೆಲ್‌ನಲ್ಲಿ ಆಟೋ ಆನ್ ಟೈಮ್, ಬೇರೆ ಬೋರ್ಡ್‌ಗಳಲ್ಲಿ ಪವರ್ ಆನ್ ಬೈ ಆರ್‌ಟಿಸಿ ಅಥವಾ ರೆಸ್ಯೂಮ್ ಬೈ ಅಲಾರಾಂ. ಅಮ್ಮನ ಕಂಪ್ಯೂಟರಿನ 7:30 ಕೂತಿದ್ದು ಇಲ್ಲೇ. ಬಯಾಸ್‌ನ ಗಡಿಯಾರವೇ ತಪ್ಪು ತೋರಿಸುತ್ತಿದ್ದರೆ ಬೆಳಗ್ಗೆ ಅಂತ ಇಟ್ಟ ಅಲಾರಾಂ ಮಧ್ಯರಾತ್ರಿ ಹೊಡೆಯಬಹುದು, ಸರಿಮಾಡಿದ ಸೆಟ್ಟಿಂಗ್ ಬೋರ್ಡಿನ ಮೂಲ ಸೆಟ್ಟಿಂಗ್‌ಗೆ ವಾಪಸ್ ಹೋಗಬಹುದು. ಹಾಗಾದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ ಅಂತ ಅರ್ಥ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್2032, 3 ವೋಲ್ಟ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಹಳೆ ಮೆಷಿನ್ ತಂದ ದಿನವೇ ಬದಲಾಯಿಸಿಬಿಡಿ.

ಅದೇ ಪುಟಗಳಲ್ಲಿ ಇಆರ್‌ಪಿ ಅಂತ ಆಯ್ಕೆ ಕಂಡರೆ ಎನೇಬಲ್ ಮಾಡಿ, ಡೆಲ್‌ನಲ್ಲಿ ಡೀಪ್ ಸ್ಲೀಪ್ ಕಂಟ್ರೋಲ್. ಆಫ್ ಆದಾಗ ಯುಎಸ್‌ಬಿಗೂ ನೆಟ್‌ವರ್ಕಿಗೂ ಹೋಗುವ ಆ ಸಣ್ಣ ಕರೆಂಟನ್ನು ಇದು ಬಹುಮಟ್ಟಿಗೆ ನಿಲ್ಲಿಸುತ್ತದೆ. ಆಫ್ ಇದ್ದಾಗ ಯುಎಸ್‌ಬಿಯಿಂದ ಫೋನ್ ಚಾರ್ಜ್ ಮಾಡುವ ಅಭ್ಯಾಸ ಇದ್ದರೆ ಅದು ಆಮೇಲೆ ಆಗೋದಿಲ್ಲ, ಅಷ್ಟೇ.

ಶಟ್‌ಡೌನ್ ಕೊಟ್ಟ ಎರಡು ಮೂರು ಸೆಕೆಂಡಿಗೇ ಮತ್ತೆ ಆನ್ ಆಗುವುದು ಬೇರೆ ಕಥೆ. ವಿಂಡೋಸ್ 8ರಿಂದ, ಅಂದರೆ 2012ರಿಂದ, ಫಾಸ್ಟ್ ಸ್ಟಾರ್ಟಪ್ ಅಂತ ಬಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಅಂದರೆ ಅರ್ಧ ಹೈಬರ್ನೇಟ್. ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಒತ್ತಿ ನೋಡಿ, ಆಗ ಪೂರ್ತಿ ಆಫ್ ಆಗುತ್ತದೆ. ಹಾಗೆ ಮಾಡಿದಾಗ ಸರಿ ಇದ್ದರೆ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದುಬಿಡಿ, ಎಸ್‌ಎಸ್‌ಡಿ ಇರುವ ಕಂಪ್ಯೂಟರಿನಲ್ಲಿ ಅದರ ಲಾಭ ಕೆಲವೇ ಸೆಕೆಂಡು. ಆಫ್ ಆಗುವಾಗ ಡ್ರೈವರ್, ಅಂದರೆ ಒಂದೊಂದು ಭಾಗವನ್ನು ನಡೆಸುವ ಸಣ್ಣ ಪ್ರೋಗ್ರಾಮ್, ಕ್ರ್ಯಾಶ್ ಆದರೂ ಹೀಗೇ ಆಗಬಹುದು. ಸಿಸ್ಟಮ್ ಪ್ರಾಪರ್ಟೀಸ್‌ನ ಸ್ಟಾರ್ಟಪ್ ಅಂಡ್ ರಿಕವರಿಯಲ್ಲಿ ಆಟೋಮ್ಯಾಟಿಕಲಿ ರೀಸ್ಟಾರ್ಟ್ ಟಿಕ್ ತೆಗೆದರೆ ನೀಲಿ ಪರದೆ ನಿಂತು ತಪ್ಪು ಏನು ಅಂತ ಹೇಳುತ್ತದೆ.

ಇಷ್ಟೆಲ್ಲ ಆದಮೇಲೂ ಹೊತ್ತುಗೊತ್ತಿಲ್ಲದೆ ಆನ್ ಆಗುತ್ತಿದ್ದರೆ ಪವರ್ ಬಟನ್ ನೋಡಿ. ಮಳೆಗಾಲದ ತೇವಕ್ಕೆ, ಧೂಳಿಗೆ, ಒಳಗೆ ಸೇರುವ ಇರುವೆಗೆ ಬಟನ್ ಅಂಟಿಕೊಳ್ಳುತ್ತದೆ, ಕರಾವಳಿ ಮಲೆನಾಡಿನವರಿಗೆ ಇದು ಹೊಸತಲ್ಲ. ಗೋಡೆಯಿಂದ ಪ್ಲಗ್ ಕಿತ್ತು, ಉಳಿದ ಕರೆಂಟ್ ಹೋಗಲಿ ಅಂತ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಆಮೇಲೆ ಕ್ಯಾಬಿನೆಟ್ ತೆಗೆಯಿರಿ. ಬಟನ್‌ನಿಂದ ಬರುವ ಎರಡು ತೆಳು ವೈರಿನ ಕನೆಕ್ಟರ್ ಮದರ್‌ಬೋರ್ಡಿನ ಮೂಲೆಯಲ್ಲಿ ಪವರ್ ಎಸ್‌ಡಬ್ಲ್ಯೂ ಅಂತ ಇರುತ್ತದೆ, ಎಲ್ಲಿತ್ತು ಅಂತ ಫೋಟೋ ತೆಗೆದುಕೊಂಡು ಅದನ್ನು ಕಿತ್ತಿಡಿ. ಕೆಲವು ಆಫೀಸ್ ಮೆಷಿನ್‌ಗಳಲ್ಲಿ ಎಲ್ಲ ವೈರೂ ಸೇರಿದ ಒಂದೇ ದೊಡ್ಡ ಕನೆಕ್ಟರ್ ಇರುತ್ತದೆ, ಆಗ ಅದನ್ನೇ ಕೀಳಬೇಕು. ಕ್ಯಾಬಿನೆಟ್ ಮುಚ್ಚಿ, ಪ್ಲಗ್ ಹಾಕಿ, ಒಂದೆರಡು ದಿನ ಬಿಡಿ. ತಾನಾಗಿ ಆನ್ ಆಗಲೇ ಇಲ್ಲವಾ? ಬಟನ್ನೇ ಕಾರಣ, ಹೊಸದು ಹಾಕಿಸೋದು ದೊಡ್ಡ ಖರ್ಚಲ್ಲ. ಬಟನ್ ಕಿತ್ತಿಟ್ಟರೂ ಆನ್ ಆಯಿತಾ? ಹಾಗಾದರೆ ಪವರ್ ಸಪ್ಲೈ ಅಥವಾ ಮದರ್‌ಬೋರ್ಡ್. ಪರಿಚಯದವರ ಹತ್ತಿರ ಒಳ್ಳೆಯ ಸಪ್ಲೈ ಇದ್ದರೆ ಎರಡು ದಿನ ಹಾಕಿ ನೋಡಿ. ಡೆಲ್, ಎಚ್‌ಪಿ, ಲೆನೊವೊದ ಆಫೀಸ್ ಮೆಷಿನ್‌ಗಳಲ್ಲಿ ಕನೆಕ್ಟರ್ ಬೇರೆ ಥರ ಇರಬಹುದು, ಮೊದಲು ಹೊಂದುತ್ತದಾ ನೋಡಿಕೊಳ್ಳಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ಕಿತ್ತಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ಕಂಪ್ಯೂಟರ್ ಬಿಡಿ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ.